ಮಾಡಿನ ಮೇಲೆ ಬಿದ್ದ ನೀರು

ಕೆರಿಬಿಯನ್ ದ್ವೀಪವೆಂದೊಡನೆ ನಮ್ಮ ಕಣ್ಣೆದುರು ಮೂಡುವುದು ಪ್ರವಾಸಿ ಸಂಸ್ಥೆಗಳ ಕ್ಯಾಲೆಂಡರಿನ ಚಿತ್ರ. ನೀಲಿ ಕಡಲು, ಬಿಳಿ ಮರಳು, ವಾಲಿದ ತೆಂಗಿನ ಮರ, ಅದರ ನೆರಳಿನಲ್ಲಿ ಯಾವ ಚಿಂತೆಯೂ ಇಲ್ಲದ ಒಬ್ಬ ಮನುಷ್ಯ. ಆ ಚಿತ್ರದಲ್ಲಿ ಪಾತ್ರೆ ತೊಳೆಯುವವರು ಯಾರೂ ಇರುವುದಿಲ್ಲ. ಆದರೆ ದ್ವೀಪದಲ್ಲಿಯೂ ಜನರು ಉಣ್ಣುತ್ತಾರೆ, ಉಂಡ ಮೇಲೆ ಪಾತ್ರೆಗಳು ಉಳಿಯುತ್ತವೆ, ಅವುಗಳನ್ನು ತೊಳೆಯಲು ನೀರು ಬೇಕಾಗುತ್ತದೆ. ಅಲ್ಲಿಂದಲೇ ಕಥೆ ಪ್ರಾರಂಭ.

ಕಳೆದ ವರ್ಷದ ತಪಸ್ಸುಕಾಲದಲ್ಲಿ ನಾಲ್ಕು ವಾರಗಳ ಕಾಲ ಸೇಂಟ್ ಥಾಮಸ್ ದ್ವೀಪದ ಒಂದು ಗುರುನಿವಾಸದಲ್ಲಿ ಅತಿಥಿಯಾಗಿರುವ ಅವಕಾಶ ನನಗೆ ಒದಗಿತ್ತು. ನಮ್ಮ ದೇಶಕ್ಕೆ ಬಂದ ಅಪೊಸ್ತಲರ ಹೆಸರನ್ನು ಹೊತ್ತ ಈ ದ್ವೀಪದ ವಿಸ್ತೀರ್ಣ ಸುಮಾರು 83 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 42,261. 1493ರಲ್ಲಿ ತನ್ನ ಎರಡನೆಯ ಯಾನದಲ್ಲಿ ಈ ದ್ವೀಪಸಮೂಹವನ್ನು ಕಂಡ ಕೊಲಂಬಸ್, ಸಂತ ಉರ್ಸುಲಾ ಮತ್ತು ಆಕೆಯ ಹನ್ನೊಂದು ಸಾವಿರ ಕನ್ಯೆಯರ ಐತಿಹ್ಯವನ್ನು ನೆನೆದು ಇದಕ್ಕೆ ಹೆಸರಿಟ್ಟ. ಆ ಕನ್ಯೆಯರೇ ಇಂದಿಗೂ ‘ವರ್ಜಿನ್ ಐಲೆಂಡ್ಸ್’ ಎಂಬ ಹೆಸರಿನಲ್ಲಿ ಉಳಿದಿದ್ದಾರೆ. ದೀರ್ಘಕಾಲ ಡೆನ್ಮಾರ್ಕಿನ ಅಧೀನದಲ್ಲಿದ್ದ ಸೇಂಟ್ ಥಾಮಸ್, ಸೇಂಟ್ ಜಾನ್ ಮತ್ತು ಸೇಂಟ್ ಕ್ರೋಯ್ ದ್ವೀಪಗಳನ್ನು ಅಮೆರಿಕವು 1917ರಲ್ಲಿ ಎರಡೂವರೆ ಕೋಟಿ ಡಾಲರು ಕೊಟ್ಟು ಖರೀದಿಸಿತು. ಖರೀದಿಯ ಪತ್ರದಲ್ಲಿ ಕುಡಿಯುವ ನೀರಿನ ವಿಷಯ ಇತ್ತೋ ಎಂದು ಅಲ್ಲಿಯ ಗೃಹಿಣಿಯರು ಇಂದು ಕೇಳಿದರೆ ಅದು ನ್ಯಾಯವೇ.

ಗುರುಮಠದಲ್ಲಿ ತತ್ತ್ವಶಾಸ್ತ್ರದ ಪಾಠ ಆರಂಭವಾಗುವುದೇ ಗ್ರೀಕ್ ದಾರ್ಶನಿಕ ಥೇಲ್ಸನಿಂದ. ಸಕಲ ವಸ್ತುಗಳ ಮೂಲತತ್ತ್ವ ಜಲವೆಂದು ಆತನ ಸಿದ್ಧಾಂತ. ಮುಂಗಾರಿನಲ್ಲಿ ಅಂಗಳದ ತುಂಬ ನೀರು ಕಂಡು ಬೆಳೆದ ನಮ್ಮಂತಹ ವಿದ್ಯಾರ್ಥಿಗಳು ಇದನ್ನು ತತ್ತ್ವಶಾಸ್ತ್ರದ ಬಾಲ್ಯವೆಂದು ಬಗೆದು ಮುಂದಿನ ಪುಟ ತಿರುವುತ್ತಿದ್ದೆವು. ಸೇಂಟ್ ಥಾಮಸಿನಲ್ಲಿ ಮನೆ ನಡೆಸುವ ಯಾರೂ ಆ ಪುಟವನ್ನು ಅಷ್ಟು ಬೇಗ ತಿರುವಲಾರರು. ಅಲ್ಲಿ ಹೇಳಿಕೊಳ್ಳುವಂತಹ ನದಿಯಿಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು ಒಂದು ಸಾವಿರ ಮಿಲಿಮೀಟರ್. ನಮ್ಮ ಕರಾವಳಿಯ ಮಳೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದುದರಿಂದ ಮನೆ ಕಟ್ಟುವವರು ಮೊದಲು ನೆಲದಡಿಯಲ್ಲಿ ಕಾಂಕ್ರೀಟಿನ ತೊಟ್ಟಿಯನ್ನು ಕಟ್ಟಿ, ಅದರ ಮೇಲೆ ಮನೆ ನಿಲ್ಲಿಸುತ್ತಾರೆ. ಮಾಡಿನ ಮೇಲೆ ಬಿದ್ದ ಮಳೆ ದೋಣಿಗಳ ಮೂಲಕ ಹರಿದು, ಕೊಳವೆಯಲ್ಲಿ ಇಳಿದು, ಕಾಲ ಕೆಳಗಿನ ತೊಟ್ಟಿಯನ್ನು ಸೇರುತ್ತದೆ. ಅಲ್ಲಿಂದ ಪಂಪು ಅದನ್ನು ನಲ್ಲಿಗೆ ಏರಿಸುತ್ತದೆ. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರು ನೀರು. ಈ ಲೆಕ್ಕ ಅಲ್ಲಿಯ ಮಕ್ಕಳಿಗೂ ಬಾಯಿಪಾಠ. ನಮ್ಮಲ್ಲಿ ಮಾಡು ಇರುವುದು ಮಳೆಯನ್ನು ಹೊರಗಿಡಲು. ಅವರಲ್ಲಿ ಮಾಡು ಇರುವುದು ಮಳೆಯನ್ನು ಹಿಡಿದು ತರಲು.

ಹೀಗೆ ಸಂಪಾದಿಸಿದ ನೀರನ್ನು ಖರ್ಚುಮಾಡುವ ಕ್ರಮವೇ ಒಂದು ಸಂನ್ಯಾಸದೀಕ್ಷೆ. ಸ್ನಾನಕ್ಕೆ ಹೋದವನು ಮೈ ಒದ್ದೆ ಮಾಡಿಕೊಂಡು ನೀರು ನಿಲ್ಲಿಸಿ, ಸಾಬೂನು ಹಚ್ಚಿ, ಮತ್ತೆ ಕ್ಷಣಕಾಲ ನೀರು ಬಿಟ್ಟು ಹೊರಬರಬೇಕು. ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಶೌಚಾಲಯಕ್ಕೆ. ಕಳ್ಳತನದಿಂದ ಹೆಚ್ಚು ನೀರು ಬಳಸುತ್ತೇನೆಂದರೆ ಸಾಧ್ಯವಿಲ್ಲ. ನಲ್ಲಿ ತಿರುಗಿಸಿದೊಡನೆ ನೆಲದಡಿಯ ಪಂಪು ಗುರ್ ಎಂದು ಎಚ್ಚರಗೊಂಡು, ಇಂತಹವನು ಇಂತಹ ಹೊತ್ತಿನಲ್ಲಿ ಮುಖ ತೊಳೆಯುತ್ತಿದ್ದಾನೆ ಎಂದು ಮನೆಮಂದಿಗೆಲ್ಲ ಸಾರುತ್ತದೆ. ನಡುರಾತ್ರಿಯ ಆತ್ಮಪರಿಶೋಧನೆ ಮೌನವಾಗಿ ನಡೆಯಬಹುದು. ನಡುರಾತ್ರಿಯ ಬಾಯಿ ಮುಕ್ಕಳಿಸುವಿಕೆ ಮೌನವಾಗಿ ನಡೆಯಲಾರದು. ತೊಟ್ಟಿ ಬರಿದಾದರೆ ಟ್ಯಾಂಕರ್ ಲಾರಿಯವನಿಗೆ ಹಣ ತೆತ್ತು ನೀರು ತರಿಸಬೇಕು. ಆತ ಫೋನಿನಲ್ಲಿ ಹೇಳುವ ‘ಸೂನ್ ಕಮ್’ ಎಂಬ ಎರಡು ಪದಗಳನ್ನು ಅರ್ಥೈಸಲು ಅರಿಸ್ಟಾಟಲನ ನೆರವು ಬೇಕು. ಬೀಜದೊಳಗೆ ಮರವಿರುವಂತೆ, ‘ಬರುತ್ತೇನೆ’ ಎಂಬ ಮಾತಿನೊಳಗೆ ಬರುವಿಕೆಯು ಸಾಧ್ಯತೆಯಾಗಿ ಇರುತ್ತದೆ; ಸಾಧ್ಯತೆಯು ಸಿದ್ಧಿಯಾಗಿ ಪರಿಣಮಿಸಲು ಬೇರೊಂದು ಕಾರಣ ಬೇಕಷ್ಟೆ. ಆ ಕಾರಣ ಮಂಗಳವಾರ ದೊರೆಯಬಹುದು, ಅಥವಾ ಶುಕ್ರವಾರ.

ಮಳೆ ಬಂದಾಗಲಾದರೂ ನೆಮ್ಮದಿಯೇ ಎಂದರೆ, ಅದೂ ಇಲ್ಲ. ಬೇಸಗೆಯಲ್ಲಿ ಆಫ್ರಿಕದ ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರವನ್ನೇ ದಾಟಿ ಬಂದು ಈ ದ್ವೀಪಗಳ ಮೇಲೆ ಕವಿಯುತ್ತದೆ. ಸಾವಿರಾರು ಕಿಲೋಮೀಟರ್ ಪಯಣಿಸಿದ ಈ ಅತಿಥಿ ವಿಶ್ರಮಿಸಲು ಆಯ್ದುಕೊಳ್ಳುವುದು ಮನೆಯ ಮಾಡನ್ನೇ. ಅದರ ಜತೆಗೆ ಒಣ ಎಲೆ, ಹಕ್ಕಿಯ ಹಿಕ್ಕೆ, ದಾಸವಾಳದ ಹೂವನ್ನು ಮೆದ್ದು ಮಾಡಿನ ಮೇಲೆ ಬಿಸಿಲು ಕಾಯಿಸುವ ಇಗ್ವಾನಾ ಎಂಬ ದೈತ್ಯ ಓತಿಯ ಕಾಣಿಕೆ. ಆದ್ದರಿಂದ ಜಾಗರೂಕರು ಕೊಳವೆಯನ್ನು ಕಳಚಿಟ್ಟು, ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಮಾಡು ತೊಳೆದ ಬಳಿಕ ಕೊಳವೆಯನ್ನು ಜೋಡಿಸಬೇಕು. ಆದರೆ ಮೊದಲ ಮಳೆಗೆ ಶಿಷ್ಟಾಚಾರವಿಲ್ಲ. ಅದು ಬರುವುದು ಇರುಳಿನ ಎರಡು ಗಂಟೆಗೆ. ಎದ್ದು ಹೋಗಿ ಕೊಳವೆ ಜೋಡಿಸುವವರು ಯಾರು ಎಂಬ ವಿಷಯದಲ್ಲಿ ದಾಂಪತ್ಯದ ಎಷ್ಟೋ ಪ್ರತಿಜ್ಞೆಗಳು ಅಲ್ಲಿ ಪರೀಕ್ಷೆಗೆ ಒಳಗಾಗುತ್ತವಂತೆ. ತೊಟ್ಟಿಯಲ್ಲಿ ಸೊಳ್ಳೆ ಮರಿಯಿಡಬಾರದೆಂದು ಕೆಲವರು ಗಪ್ಪಿ ಮೀನುಗಳನ್ನು ಬಿಡುತ್ತಾರೆ. ಡೆಂಗ್ಯೂ ಜ್ವರದ ನಾಡಿನಲ್ಲಿ ಅದು ವಿವೇಕದ ಕೆಲಸವೇ ಸರಿ.

ಪ್ರಾಣಿಗಳ ಮಾತು ಬಂದುದರಿಂದ ನಮ್ಮ ದೇಶದ ಒಂದು ಕೊಡುಗೆಯನ್ನು ಹೇಳದೆ ಮುಂದುವರಿಯಲಾಗದು. ಕಬ್ಬಿನ ತೋಟಗಳನ್ನು ಇಲಿಗಳು ಹಾಳುಗೆಡವುತ್ತಿದ್ದ ಕಾಲದಲ್ಲಿ, 1872ರಲ್ಲಿ, ಜಮೈಕದ ಎಸ್ಪ್ಯೂಟ್ ಎಂಬ ತೋಟದ ಮಾಲೀಕನು ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದ. ಅವುಗಳ ಸಂತತಿ ದ್ವೀಪದಿಂದ ದ್ವೀಪಕ್ಕೆ ಹಂಚಲ್ಪಟ್ಟು ವರ್ಜಿನ್ ದ್ವೀಪಗಳಿಗೂ ಬಂತು. ತರ್ಕ ಸರಿಯಾಗಿಯೇ ಇತ್ತು: ಮುಂಗುಸಿ ಇಲಿಯನ್ನು ತಿನ್ನುತ್ತದೆ, ಇಲ್ಲಿ ಇಲಿಗಳಿವೆ, ಆದುದರಿಂದ ಮುಂಗುಸಿ ಬೇಕು. ಈ ನ್ಯಾಯವಾಕ್ಯದಲ್ಲಿ ಬಿಟ್ಟುಹೋದ ಪ್ರಮೇಯ ಒಂದೇ. ಇಲಿ ಹೊರಬರುವುದು ರಾತ್ರಿ, ಮರ ಏರುವುದೂ ಅದಕ್ಕೆ ಸುಲಭ. ಮುಂಗುಸಿ ಸಂಚರಿಸುವುದು ಹಗಲು, ಅದೂ ನೆಲದ ಮೇಲೆ. ಹೀಗೆ ಹಗಲು ಪಾಳಿ ಮತ್ತು ರಾತ್ರಿ ಪಾಳಿಯ ಕೆಲಸಗಾರರಂತೆ ಇಬ್ಬರೂ ಪರಸ್ಪರ ಹೆಚ್ಚು ಭೇಟಿಯಾಗದೆ ಬಾಳುತ್ತಿದ್ದಾರೆ. ಮುಂಗುಸಿ ಕೋಳಿಮರಿ, ಹಕ್ಕಿಮೊಟ್ಟೆ, ಕಡಲಾಮೆಯ ಮೊಟ್ಟೆಗಳಿಂದ ತೃಪ್ತವಾಗಿದೆ, ಇಲಿ ಅಡುಗೆಮನೆಯಿಂದ. ನಾನು ಭಾರತದವನೆಂದು ತಿಳಿದ ಒಬ್ಬ ಹಿರಿಯರು, ‘ಫಾದರ್, ನಿಮ್ಮ ಮುಂಗುಸಿಗಳು ನಿನ್ನೆ ನನ್ನ ಮೂರು ಮರಿಗಳನ್ನು ಒಯ್ದವು’ ಎಂದು ಲೆಕ್ಕ ಒಪ್ಪಿಸಿದರು. ಮುಖ್ಯಬೀದಿಯಲ್ಲಿ ಒಡವೆ ಅಂಗಡಿ ಇಟ್ಟಿರುವ ಸಿಂಧಿ ವ್ಯಾಪಾರಿಗಳಿಗೂ ಈ ದೂರು ಆಗಾಗ ಸಲ್ಲುತ್ತದೆಯೋ ಏನೋ.

ಉಳಿದ ಉಪದ್ರವಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಉಪ್ಪಿನ ಗಾಳಿಗೆ ಬೀಗ, ತಿರುಗಣೆ, ಹೊಲಿಗೆಯಂತ್ರ ಎಲ್ಲವೂ ತುಕ್ಕು ಹಿಡಿಯುತ್ತವೆ. ಉಪ್ಪಿನ ಡಬ್ಬಿಯಲ್ಲಿಯ ಉಪ್ಪು ಮಾತ್ರ ತೇವಗೊಂಡು ಗಟ್ಟಿಯಾಗಿ ಹೊರಬರಲೊಲ್ಲದು. ಅದಕ್ಕೆ ನಾಲ್ಕು ಕಾಳು ಅಕ್ಕಿ ಬೆರೆಸುವ ಉಪಾಯ ಅವರಿಗೂ ಗೊತ್ತು. ವಿದ್ಯುತ್ತಿನ ದರ ಅಮೆರಿಕದ ಮುಖ್ಯ ಭೂಭಾಗದ ಸರಾಸರಿಯ ಎರಡು ಪಟ್ಟಿಗಿಂತಲೂ ಹೆಚ್ಚು; ಹಾಗಿದ್ದರೂ ಅದು ಆಗಾಗ ಹೇಳದೆ ಹೋಗುತ್ತದೆ, ಹೇಳದೆ ಬರುತ್ತದೆ, ಬರುವಾಗ ಒಮ್ಮೊಮ್ಮೆ ಫ್ರಿಜ್ಜನ್ನು ಸುಟ್ಟುಹಾಕಿಯೇ ಬರುತ್ತದೆ. ರಾಜಧಾನಿ ಶಾರ್ಲಟ್ ಅಮಾಲಿಯ ಗುಡ್ಡದಲ್ಲಿ ಡೇನರ ಕಾಲದ ಮೆಟ್ಟಿಲುಬೀದಿಗಳಿವೆ. ಅವುಗಳಲ್ಲೊಂದರ ಹೆಸರು ‘ತೊಂಬತ್ತೊಂಬತ್ತು ಮೆಟ್ಟಿಲು’. ಎಣಿಸಿದರೆ 103. ಪ್ರವಾಸಿಗರಿಗೆ ಇದು ವಿನೋದ; ಸಾಮಾನಿನ ಚೀಲ ಹೊತ್ತು ಏರುವವನಿಗೆ ಆ ನಾಲ್ಕು ಹೆಚ್ಚಿನ ಮೆಟ್ಟಿಲುಗಳು ತತ್ತ್ವವಿಚಾರಕ್ಕೆ ಎಡೆಗೊಡುತ್ತವೆ.

ಇಷ್ಟೆಲ್ಲದರ ನಡುವೆ ಆ ಜನರು ಬಿಡದಿರುವ ಒಂದು ನಿಯಮವಿದೆ. ಅಂಗಡಿಗಾಗಲಿ, ಕಚೇರಿಗಾಗಲಿ, ಬಸ್ಸಿಗಾಗಲಿ ಕಾಲಿಡುವಾಗ ಮೊದಲು ‘ಗುಡ್ ಮಾರ್ನಿಂಗ್’ ಎನ್ನಬೇಕು. ಮಧ್ಯಾಹ್ನವಾದರೆ ‘ಗುಡ್ ಆಫ್ಟರ್‌ನೂನ್’. ಕತ್ತಲಾದ ಮೇಲೆ ‘ಗುಡ್ ನೈಟ್’. ನಮ್ಮಲ್ಲಿ ಬೀಳ್ಕೊಡುವಾಗ ಹೇಳುವುದನ್ನು ಅವರು ಬಾಗಿಲಲ್ಲಿ ಬರಮಾಡಿಕೊಳ್ಳುವಾಗ ಹೇಳುತ್ತಾರೆ. ಈ ವಂದನೆಯಿಲ್ಲದೆ ನೇರವಾಗಿ ‘ಬ್ರೆಡ್ ಇದೆಯೇ’ ಎಂದು ಕೇಳಿದವನಿಗೆ ಬ್ರೆಡ್ ಎದುರಿಗಿದ್ದರೂ ದೊರೆಯುವುದು ಕಷ್ಟ.

ಗುರುನಿವಾಸದ ಅಡುಗೆಯನ್ನು ನೋಡಿಕೊಳ್ಳುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ವಿಧವೆ. ಒಂದು ಸಂಜೆ ದೀಪ ಆರಿದಾಗ, ಮೇಣದಬತ್ತಿಯ ಬೆಳಕಿನಲ್ಲಿ ಬೆಂಡೆಕಾಯಿ ಹೆಚ್ಚುತ್ತ ಆಕೆ ತಮ್ಮ ನೆರೆಯವನ ವಿಷಯ ಹೇಳಿದರು. ಆತನ ಮಾವಿನ ಮರದ ಒಂದು ಕೊಂಬೆ ಈಕೆಯ ಮಾಡಿನ ಮೇಲೆ ಚಾಚಿತ್ತು. ಎಲೆ ಉದುರಿ ದೋಣಿ ಕಟ್ಟಿಕೊಳ್ಳುತ್ತಿತ್ತು, ತೊಟ್ಟಿಯ ನೀರು ಕಂದಾಗುತ್ತಿತ್ತು. ಕೊಂಬೆ ಕಡಿ ಎಂದು ಈಕೆ. ಮರ ನನ್ನದು ಎಂದು ಆತ. ಹನ್ನೆರಡು ವರ್ಷ ಒಂದೇ ಚರ್ಚಿನಲ್ಲಿ, ಎರಡು ಬದಿಯ ಪೀಠಗಳಲ್ಲಿ ಕುಳಿತು ಪೂಜೆ ಕೇಳಿದರಂತೆ. ಪರಸ್ಪರ ಮಾತಿಲ್ಲ, ಆ ಊರಿನಲ್ಲಿ ಅದಕ್ಕಿಂತ ಘೋರವಾದ ವಂದನೆಯೂ ಇಲ್ಲ.

2017ರ ಸೆಪ್ಟೆಂಬರ್ 6ರಂದು, ನಮ್ಮಲ್ಲಿ ತೆನೆಹಬ್ಬಕ್ಕೆ ಮಕ್ಕಳು ಹೂ ಸಂಗ್ರಹಿಸುತ್ತಿದ್ದ ಹೊತ್ತಿನಲ್ಲಿ, ಐದನೆಯ ದರ್ಜೆಯ ಚಂಡಮಾರುತ ಇರ್ಮಾ ಸೇಂಟ್ ಥಾಮಸನ್ನು ಹಾದುಹೋಯಿತು. ಎರಡು ವಾರವೂ ತುಂಬುವ ಮೊದಲೇ ಮರಿಯಾ ಬಂತು. ಅದರ ಹೆಚ್ಚಿನ ಪೆಟ್ಟು ಬಿದ್ದುದು ಸೇಂಟ್ ಕ್ರೋಯ್ ಮೇಲೆ. ಮೊದಲ ಗಾಳಿಗೇ ಈಕೆಯ ಮಾಡಿನ ಅರ್ಧ ಹಾರಿಹೋಯಿತು. ನೆರೆಯವನ ಮಾಡು ಪೂರ್ತಿ ಹೋಯಿತು, ಆತನ ತೊಟ್ಟಿಯ ಗೋಡೆ ಬಿರಿದು ನೀರೆಲ್ಲ ಮಣ್ಣುಪಾಲಾಯಿತು. ಹನ್ನೆರಡು ವರ್ಷದ ವ್ಯಾಜ್ಯದ ವಸ್ತುವಾದ ಮಾವಿನ ಮರ ಬುಡಸಮೇತ ಅಡ್ಡಬಿದ್ದು ದಾರಿಯನ್ನೇ ಮುಚ್ಚಿತ್ತು. ಈಕೆಯ ತೊಟ್ಟಿ ಮಾತ್ರ ತುಂಬಿತ್ತು. ಆದರೆ ಪಂಪಿಗೆ ವಿದ್ಯುತ್ತಿಲ್ಲ. ಅನೇಕ ಮನೆಗಳಿಗೆ ಅದು ಮರಳಿ ಬರಲು ತಿಂಗಳುಗಳೇ ಹಿಡಿದವು. ಮಾಡಿಲ್ಲದ ಮನೆಯೊಳಗೆ ಮಳೆನೀರು ಬೀಳುತ್ತಿದೆ, ಅದೇ ಮನೆಯವರು ಕುಡಿಯುವ ನೀರಿಗಾಗಿ ಅಲೆಯುತ್ತಿದ್ದಾರೆ. ಮಾಡೇ ಬಾವಿಯಾಗಿರುವ ಊರಿನಲ್ಲಿ ಮಾಡು ಹೋಗುವುದೆಂದರೆ ಇದು. ಈಕೆ ತೊಟ್ಟಿಯ ಮುಚ್ಚಳ ತೆಗೆಸಿ, ಬಕೇಟಿಗೆ ಹಗ್ಗ ಕಟ್ಟಿ, ಎಲೆ ಸೋಸಿ, ಕ್ಲೋರಿನ್ ಬೆರೆಸಿ, ಕುದಿಸಿ ಕುಡಿಯಿರೆಂದು ಹೇಳಿ ಓಣಿಯವರಿಗೆಲ್ಲ ನೀರು ಸೇದಿಕೊಟ್ಟರು. ಮಳೆ ಮತ್ತೆ ಬಂದರೂ ಅರ್ಧ ಮಾಡಿನಿಂದ ತುಂಬುವುದು ಅರ್ಧ ನೀರೇ ಎಂಬುದು ಆಕೆಗೆ ತಿಳಿದಿತ್ತು.

‘ಮೂರನೆಯ ದಿನ ಆತನೂ ಬಂದ, ಫಾದರ್’ ಎಂದರು ಆಕೆ. ‘ಒಂದು ಕೈಯಲ್ಲಿ ಬಕೇಟು, ಹಿಂದೆ ಮೊಮ್ಮಗು. ಮುಖ ಕೆಳಗೆ ಹಾಕಿ, ಒಂದು ಮಾತಿಲ್ಲದೆ ಬಕೇಟನ್ನು ನನ್ನ ಮುಂದಿಟ್ಟ.’

‘ನೀವು ಏನು ಮಾಡಿದಿರಿ?’

‘ಮೊದಲು ಗುಡ್ ಮಾರ್ನಿಂಗ್ ಹೇಳು ಎಂದೆ.’

ಆತ ಹೇಳಿದನಂತೆ. ಈಕೆಯೂ ಹೇಳಿದರಂತೆ. ಆ ಬಳಿಕ ಹಗ್ಗ ಎಳೆಯುವ ಕೆಲಸವನ್ನು ಆತನೇ ವಹಿಸಿಕೊಂಡು, ವಿದ್ಯುತ್ತು ಬರುವವರೆಗೂ ದಿನಾ ಮುಂಜಾನೆ ಓಣಿಗೆಲ್ಲ ನೀರು ಸೇದಿದ.

ಆ ದ್ವೀಪಗಳಲ್ಲಿ ಜುಲೈ ತಿಂಗಳ ನಾಲ್ಕನೆಯ ಸೋಮವಾರ ಚಂಡಮಾರುತದಿಂದ ಕಾಪಾಡೆಂದು ದೇವರಲ್ಲಿ ಮೊರೆಯಿಡುವ ದಿನ. ಅಕ್ಟೋಬರಿನಲ್ಲಿ ಕಾಪಾಡಿದುದಕ್ಕೆ ಕೃತಜ್ಞತೆ ಸಲ್ಲಿಸುವ ದಿನ. 2017ರಲ್ಲಿ ಆ ಎರಡನೆಯ ದಿನ ಬಂದಾಗ ಎಷ್ಟೋ ಮನೆಗಳಿಗೆ ಮಾಡಿನ ಬದಲು ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಲಾಗಿತ್ತು. ಕೃತಜ್ಞತೆ ಸಲ್ಲಿಸಲು ಆ ವರ್ಷ ಕಷ್ಟವಾಗಲಿಲ್ಲವೇ ಎಂದು ಕೇಳಿದೆ. ಆಕೆ ಬೆಂಡೆಕಾಯಿಯಿಂದ ಕಣ್ಣೆತ್ತದೆ, ‘ಆಯಿತು’ ಎಂದಷ್ಟೇ ಹೇಳಿದರು. ಈ ಪ್ರಶ್ನೆಗೆ ನಾನು ಗ್ರಂಥಗಳಲ್ಲಿ ಓದಿರುವ ಉತ್ತರಗಳು ಇದಕ್ಕಿಂತ ಉದ್ದವಾಗಿವೆ.

ಬಿದ್ದ ಮರದ ಸ್ಥಳದಲ್ಲಿಯೇ ನೆರೆಯವನು ಇನ್ನೊಂದು ಮಾವಿನ ಸಸಿ ನೆಟ್ಟಿದ್ದಾನೆ. ಅದು ಈಗ ಮಾಡಿನ ಅಂಚಿಗೆ ಬಂದಿದೆ. ಎಲೆ ಉದುರತೊಡಗಿದೆ, ದೋಣಿ ಕಟ್ಟಿಕೊಳ್ಳತೊಡಗಿದೆ. ಈ ಬಾರಿ ಕೊಂಬೆಯ ವಿಷಯದಲ್ಲಿ ತಾವು ಬಿಟ್ಟುಕೊಡುವವರಲ್ಲವೆಂದೂ, ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳಿದ ಮೇಲೆಯೇ ಬೈಯುವುದಾಗಿಯೂ ಆಕೆ ತಿಳಿಸಿದರು.