ಮಿಸ್ಸಿಸ್ಸಿಪ್ಪಿಯ ಧೂಮನೌಕೆಗಳು

ಮಿಸ್ಸಿಸ್ಸಿಪ್ಪಿ ಮಹಾನದಿಯ ಹೆಸರನ್ನು ನಾವು ಭೂಗೋಳದ ಪಾಠದಲ್ಲಿ ಎಷ್ಟೋ ವರ್ಷ ಮಕ್ಕಳಿಂದ ಕಂಠಪಾಠ ಮಾಡಿಸಿದೆವು. ಆ ನೀರಿನ ಮೇಲೆ ನಡೆದ ವ್ಯಾಪಾರದ ಕಥೆಯನ್ನು ಮಾತ್ರ ಹೇಳದೆ ಬಿಟ್ಟೆವು. ಆ ಲೋಪವನ್ನು ಇಂದು ವಾಚಕ ಮಹಾಶಯರ ಮುಂದೆ ತುಂಬಿಕೊಡಲು ಯತ್ನಿಸುವೆವು.

ಪೂರ್ವದಲ್ಲಿ ಅಮೆರಿಕದ ಒಳನಾಡಿನ ರೈತರು ಚಪ್ಪಟೆ ತಳದ ದೋಣಿಗಳಲ್ಲಿ ಧಾನ್ಯ, ಹೊಗೆಸೊಪ್ಪು ಮೊದಲಾದುವನ್ನು ತುಂಬಿ, ಪ್ರವಾಹದೊಡನೆ ದಕ್ಷಿಣದ ನ್ಯೂ ಆರ್ಲಿಯನ್ಸ್ ಪಟ್ಟಣಕ್ಕೆ ತೇಲಿಹೋಗುತ್ತಿದ್ದರು. ಇಳಿಯುವುದು ಸುಲಭ, ಏರುವುದು ದುಸ್ಸಾಧ್ಯ. ಆದುದರಿಂದ ದೋಣಿಯನ್ನು ಅಲ್ಲಿಯೇ ಮರದ ಬೆಲೆಗೆ ಮಾರಿ, ಅನೇಕರು ಕಾಲ್ನಡಿಗೆಯಿಂದ ಊರಿಗೆ ಹಿಂದಿರುಗುವರು.

1811ರಲ್ಲಿ ಪಿಟ್ಸ್‌ಬರ್ಗಿನಿಂದ ಹೊರಟ 'ನ್ಯೂ ಆರ್ಲಿಯನ್ಸ್' ಎಂಬ ಧೂಮನೌಕೆಯು, ಮಾರ್ಗದಲ್ಲೊದಗಿದ ಘೋರ ಭೂಕಂಪದಿಂದ ಪಾರಾಗಿ, 1812ರ ಜನವರಿಯಲ್ಲಿ ತನ್ನ ಹೆಸರಿನ ಪಟ್ಟಣವನ್ನು ಸೇರಿತು. 1815ರಲ್ಲಿ ಹೆನ್ರಿ ಶ್ರೀವ್ ಎಂಬವನು ನಡೆಯಿಸಿದ 'ಎಂಟರ್‌ಪ್ರೈಸ್' ನೌಕೆಯು ಅಲ್ಲಿಂದ ಪ್ರವಾಹಕ್ಕೆದುರಾಗಿ ಲೂಯಿವಿಲ್ಲಿಗೆ 25 ದಿನಗಳಲ್ಲಿ ಏರಿಹೋಯಿತು. ಹುಟ್ಟು ಹಾಕಿ, ಹಗ್ಗ ಎಳೆದು ಮೂರು ನಾಲ್ಕು ತಿಂಗಳು ಪಡುತ್ತಿದ್ದ ಪಾಡನ್ನು ನೆನೆದರೆ ಇದು ಅದ್ಭುತವೇ ಸರಿ! ಅಂದಿನಿಂದ ವ್ಯಾಪಾರವು ಎರಡು ದಿಕ್ಕಿಗೂ ಹರಿಯಿತು. ನದೀತೀರದ ಹಳ್ಳಿಗಳು ಪಟ್ಟಣಗಳಾದುವು.

ಆದರೆ ನೌಕೆಗಳ ಮೇಲೆ ಬೆಟ್ಟದಂತೆ ಪೇರಿಸಿದ ಹತ್ತಿಯ ಅಂಡಿಗೆಗಳು ಯಾರ ಬೆವರಿನ ಫಲ? ದಾಸ್ಯದಲ್ಲಿದ್ದ ಕಪ್ಪುಜನರದು. ಅದೇ ನೌಕೆಗಳು ತಾಯಿಯಿಂದ ಮಗುವನ್ನು, ಗಂಡನಿಂದ ಹೆಂಡತಿಯನ್ನು ಅಗಲಿಸಿ ದಕ್ಷಿಣದ ಹತ್ತಿಯ ಹೊಲಗಳಿಗೆ ಸಾಗಿಸಿದುವು. 1865ರಲ್ಲಿ ದಾಸ್ಯವು ಶಾಸನದಿಂದ ಅಳಿಯುವವರೆಗೂ ಈ ಪಾಪವು ಲಾಭದ ಲೆಕ್ಕದಲ್ಲಿಯೇ ಸೇರಿದ್ದಿತು.

ಅದೇ ವರ್ಷದ ಏಪ್ರಿಲ್ 27ರಂದು ಮೆಂಫಿಸ್ ಪಟ್ಟಣದ ಬಳಿ 'ಸುಲ್ತಾನಾ' ನೌಕೆಯ ಬಾಯ್ಲರುಗಳು ಸಿಡಿದುವು. 376 ಜನರಿಗೆ ಮಾತ್ರ ಅನುಮತಿಯಿದ್ದ ಆ ನೌಕೆಯಲ್ಲಿ 2000ಕ್ಕೂ ಹೆಚ್ಚು ಜನರಿದ್ದರು. ಬಹುಮಂದಿ ಸೆರೆಯಿಂದ ಬಿಡುಗಡೆಯಾಗಿ ಮನೆಯ ಹಂಬಲದಿಂದ ಹೊರಟ ಯೋಧರು. ತಲೆಗಿಷ್ಟೆಂದು ದೊರೆಯುವ ಬಾಡಿಗೆಯ ಆಸೆಗೆ ಅವರನ್ನು ತುಂಬಲಾಗಿತ್ತು; ಕೆಟ್ಟ ಬಾಯ್ಲರಿಗೆ ಅವಸರದಿಂದ ತೇಪೆ ಹಾಕಲಾಗಿತ್ತು. 1100ಕ್ಕೂ ಹೆಚ್ಚು ಜನರು ಮಡಿದರು. ಅತಿಯಾಸೆ ಗತಿಗೇಡೆಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

ಮುಂದೆ ರೈಲುದಾರಿಗಳು ಹಬ್ಬಿದುವು. 1874ರಲ್ಲಿ ಸೇಂಟ್ ಲೂಯಿಯಲ್ಲಿ ಉಕ್ಕಿನ ಸೇತುವೆಯು ನದಿಯನ್ನು ದಾಟಿತು. ಧೂಮನೌಕೆಗಳ ವೈಭವವು ಕ್ರಮೇಣ ಅಸ್ತಮಿಸಿತು. ಇಂದು ಸರಕನ್ನು ಡೀಸೆಲ್ ನೌಕೆಗಳು ತಳ್ಳಿಕೊಂಡುಹೋಗುತ್ತವೆ. ಹಳೆಯ ಮಾದರಿಯ ನೌಕೆಗಳು ವಿಹಾರಕ್ಕಾಗಿ ಉಳಿದಿವೆ.

ಮನೆಗೆ ಬರುವ ಪ್ರತಿಯೊಂದು ವಸ್ತುವಿಗೂ ಅಂಗಡಿಯ ಬೆಲೆಯೊಂದು, ಮನುಷ್ಯನು ತೆತ್ತ ಬೆಲೆಯೊಂದು. ಎರಡನೆಯದನ್ನೂ ಮಕ್ಕಳಿಗೆ ಹೇಳಿಕೊಡಿರೆಂದು, ಹೇಳಲು ಮರೆತಿದ್ದ ನಾವು ಗೃಹಸ್ಥರಲ್ಲಿ ಬಿನ್ನವಿಸುತ್ತೇವೆ.