ಕಾಣದ ಸರಕಿಗೆ ಬಂದ ಬಿಲ್ಲು

ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ನಮ್ಮ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿರುತ್ತದೆ. ಹಾಲು ಅಳೆಸಿಕೊಳ್ಳುವಾಗ ನೊರೆ ಇಳಿಯಲೆಂದು ಕಾಯುತ್ತೇವೆ. ಸೀಮೆಎಣ್ಣೆ ಕೊಳ್ಳುತ್ತಿದ್ದ ಕಾಲದಲ್ಲಿ ಲೀಟರಿನ ಅಳತೆ ಕಂಠದವರೆಗೆ ತುಂಬಿತೋ ಇಲ್ಲವೋ ಎಂದು ಬಗ್ಗಿ ನೋಡದವರು ಕಡಿಮೆ. ಕೊಳವೆಯಲ್ಲಿ ಹರಿದು ಬರುವ ಅಡುಗೆ ಅನಿಲವನ್ನು ಕೊಳ್ಳುವವರಿಗೆ ಮಾತ್ರ ಈ ಅನುಕೂಲವಿಲ್ಲ. ಸರಕು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಬಳಸಿದ ಮೇಲೆ ಗುರುತೂ ಉಳಿಯುವುದಿಲ್ಲ. ಕಾಣುವುದು ಬಿಲ್ಲು ಒಂದೇ.

ಆ ಬಿಲ್ಲು ಒಂದು ಸಲ ಎಂದಿನದರ ಮೂರು ಪಟ್ಟು ಬಂದರೆ ಏನು ಮಾಡಬೇಕು? ಕಂಪೆನಿ ಮೋಸ ಮಾಡಿತೆಂದು ಕೂಗಾಡುವವರು ಕೆಲವರು. ಯಂತ್ರ ಸುಳ್ಳು ಹೇಳೀತೇ ಎಂದುಕೊಂಡು ಹಣ ಕಟ್ಟಿ ಸುಮ್ಮನಾಗುವವರು ಹಲವರು. ಎರಡೂ ಅವಸರದ ತೀರ್ಮಾನಗಳೇ. ಅನಿಲ ಮಾರುವವರಿಗೂ ಕೊಳ್ಳುವವರಿಗೂ ಅಳತೆಯ ವಿಷಯದಲ್ಲಿ ನಡೆದಿರುವ ತಕರಾರಿಗೆ 200 ವರ್ಷಗಳ ಇತಿಹಾಸವಿದೆ. ಬಿಲ್ಲನ್ನು ಪ್ರಶ್ನಿಸುವುದಕ್ಕೆ ಗ್ರಾಹಕನ ಕೈಯಲ್ಲಿ ಇಂದು ಇರುವ ಸಾಧನಗಳಲ್ಲಿ ಹೆಚ್ಚಿನವು ಆ ತಕರಾರಿನಲ್ಲಿಯೇ ಹುಟ್ಟಿದವು.

ದೀಪಕ್ಕಿಷ್ಟು, ಗಂಟೆಗಿಷ್ಟು

ಮನೆಗೆ ಅನಿಲ ಬಂದದ್ದು ಅಡುಗೆಗಾಗಿ ಅಲ್ಲ, ಬೆಳಕಿಗಾಗಿ. ಕಲ್ಲಿದ್ದಲನ್ನು ಗಾಳಿಯಾಡದ ಪಾತ್ರೆಯಲ್ಲಿ ಕಾಯಿಸಿದಾಗ ಹೊರಡುವ ಅನಿಲ ಉರಿಯುತ್ತದೆ. ವಿಲಿಯಂ ಮರ್ಡಾಕ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ 1792ರಲ್ಲಿ ಇಂಗ್ಲೆಂಡಿನ ರೆಡ್ರುತ್ ಎಂಬ ಊರಿನ ತನ್ನ ಮನೆಯಲ್ಲಿ ಇದರಿಂದ ದೀಪ ಉರಿಸಿದ. 1812ರಲ್ಲಿ ಲಂಡನ್ನಿನ ‘ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪೆನಿ’ಗೆ ರಾಜಮನ್ನಣೆಯ ಸನ್ನದು ದೊರೆಯಿತು. ಅಲ್ಲಿಂದ ಮುಂದೆ ನೆಲದಡಿಯ ಕೊಳವೆಗಳ ಮೂಲಕ ಅನಿಲವನ್ನು ಅಂಗಡಿಗಳಿಗೆ, ಮನೆಗಳಿಗೆ ಮಾರುವ ವ್ಯಾಪಾರ ಬೆಳೆಯಿತು.

ಆದರೆ ಎಷ್ಟು ಮಾರಿದೆವೆಂದು ತಿಳಿಯುವುದು ಹೇಗೆ? ಆರಂಭದಲ್ಲಿ ಅಳತೆಯೇ ಇರಲಿಲ್ಲ. ದೀಪಕ್ಕಿಷ್ಟು, ಉರಿಸುವ ಗಂಟೆಗಿಷ್ಟು ಎಂದು ಗುತ್ತಿಗೆಯ ಲೆಕ್ಕ. ರಾತ್ರಿ ಒಂಬತ್ತರವರೆಗೆಂದು ಹಣ ಕೊಟ್ಟವರು ಹತ್ತರವರೆಗೂ ಉರಿಸುತ್ತಿದ್ದರು; ಕೆಲವರು ದೀಪದ ರಂಧ್ರವನ್ನೇ ಹಿಗ್ಗಿಸಿಕೊಳ್ಳುತ್ತಿದ್ದರು. ಹೊತ್ತು ಮೀರಿ ಯಾರ ಕಿಟಕಿಯಲ್ಲಿ ಬೆಳಕಿದೆಯೆಂದು ನೋಡಲು ಕಂಪೆನಿಯವರು ಬೀದಿಯಲ್ಲಿ ಕಾವಲು ತಿರುಗಬೇಕಾಯಿತು. ನಿಯಮದಂತೆ ನಡೆದುಕೊಂಡ ಗ್ರಾಹಕನೂ ಇಲ್ಲಿ ನಷ್ಟಕ್ಕೆ ಒಳಗಾಗುತ್ತಿದ್ದ. ಬೇಗ ದೀಪ ಆರಿಸಿ ಮಲಗಿದವನಿಗೂ ಪೂರ್ತಿ ಹಣವೇ.

ಈ ತೊಡಕನ್ನು ಬಿಡಿಸಲು ಕಂಪೆನಿಯ ಎಂಜಿನಿಯರ್ ಸ್ಯಾಮ್ಯುಯೆಲ್ ಕ್ಲೆಗ್ 1815ರ ಸುಮಾರಿಗೆ ಒಂದು ಉಪಕರಣ ರೂಪಿಸಿದ. ಅರ್ಧಕ್ಕಿಂತ ಹೆಚ್ಚು ನೀರು ತುಂಬಿದ ತೊಟ್ಟಿಯೊಳಗೆ ಹಲವು ಕೋಣೆಗಳುಳ್ಳ ಒಂದು ಉರುಳೆ. ಅನಿಲ ಒಂದೊಂದಾಗಿ ಕೋಣೆಗಳನ್ನು ತುಂಬಿದಂತೆ ಉರುಳೆ ತಿರುಗುತ್ತದೆ. ಎಷ್ಟು ಸುತ್ತು ತಿರುಗಿತೆಂಬುದನ್ನು ಮುಳ್ಳುಗಳು ತೋರಿಸುತ್ತವೆ. ಗ್ಯಾಸ್ ಮೀಟರು ಹುಟ್ಟಿದ್ದು ಹೀಗೆ. ಹಲವರ ತಿದ್ದುಪಡಿಗಳ ನಂತರ ಅದು ಬಳಕೆಗೆ ಬಂತು.

ಮೀಟರು ಬಂದ ಮೇಲೆ ಜಗಳ ನಿಂತಿತೇ? ಇಲ್ಲ, ಜಾಗ ಬದಲಾಯಿಸಿತು. ನೀರಿನ ಮಟ್ಟವೇ ಈ ಅಳತೆಯ ಮರ್ಮ. ನೀರು ಕಡಿಮೆಯಾದರೆ ಕೋಣೆಯಲ್ಲಿ ಹೆಚ್ಚು ಅನಿಲ ಹಿಡಿಯುತ್ತದೆ, ಲೆಕ್ಕ ಮಾತ್ರ ಹಿಂದಿನಷ್ಟೇ. ಲಾಭ ಗ್ರಾಹಕನಿಗೆ. ನೀರು ಹೆಚ್ಚಾದರೆ ಕಂಪೆನಿಗೆ ಲಾಭ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದರೆ ಇಬ್ಬರಿಗೂ ಕತ್ತಲೆ. 1840ರ ದಶಕದಲ್ಲಿ ನೀರಿಲ್ಲದ ಮೀಟರುಗಳು ಪ್ರಚಾರಕ್ಕೆ ಬಂದವು. ಅವುಗಳಲ್ಲಿ ಕಮ್ಮಾರನ ತಿದಿಯಂಥ ಚರ್ಮದ ಚೀಲಗಳು ಸರದಿಯಲ್ಲಿ ತುಂಬಿ ಬರಿದಾಗುತ್ತಿದ್ದವು. ಇಂದು ಮನೆಗಳಲ್ಲಿರುವ ಬಹುಪಾಲು ಗ್ಯಾಸ್ ಮೀಟರುಗಳ ಒಳಗೆ ನಡೆಯುವುದೂ ಇದೇ. ಚರ್ಮದ ಬದಲು ಕೃತಕ ಪೊರೆ ಬಂದಿದೆ, ಅಷ್ಟೆ.

ತಕ್ಕಡಿಗೆ ಮುದ್ರೆ

ಇಷ್ಟಾದರೂ ಒಂದು ಮುಖ್ಯ ಪ್ರಶ್ನೆ ಉಳಿದಿತ್ತು. ಮೀಟರು ಸರಿಯಿದೆ ಎಂದು ಹೇಳುವವರು ಯಾರು? ಅದನ್ನು ತಂದು ಕೂರಿಸಿದ ಕಂಪೆನಿಯೇ! ಮಾರುವವನೇ ತಕ್ಕಡಿ ಹಿಡಿದು, ಮಾರುವವನೇ ತೂಕದ ಬಟ್ಟಿಗೆ ಸಾಕ್ಷಿ ಹೇಳಿದಂತೆ.

ಇದಕ್ಕೆ ಉತ್ತರವಾಗಿ 1859ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅನಿಲ ಮಾರಾಟ ಕಾಯಿದೆಯನ್ನು ಅಂಗೀಕರಿಸಿತು. ಅನಿಲವನ್ನು ಘನ ಅಡಿಯ ಲೆಕ್ಕದಲ್ಲಿ ಮಾರಬೇಕು, ಮೀಟರನ್ನು ಕಂಪೆನಿಗೆ ಸೇರದ ಸಾರ್ವಜನಿಕ ಪರೀಕ್ಷಕ ಪರಿಶೀಲಿಸಿ ಮುದ್ರೆ ಒತ್ತಬೇಕು ಎಂಬುದು ಅದರ ಸಾರ. ಯಂತ್ರವೆಂದ ಮೇಲೆ ಅಷ್ಟಿಷ್ಟು ತಪ್ಪು ಇದ್ದೇ ಇರುತ್ತದೆ ಎಂಬುದನ್ನೂ ಕಾಯಿದೆ ಒಪ್ಪಿಕೊಂಡಿತು. ಆದರೆ ಆ ತಪ್ಪಿಗೊಂದು ಮೇರೆ ಹಾಕಿತು. ಮಾರುವವನಿಗೆ ಅನುಕೂಲವಾಗುವಂತೆ ಶೇಕಡಾ 2, ಕೊಳ್ಳುವವನಿಗೆ ಅನುಕೂಲವಾಗುವಂತೆ ಶೇಕಡಾ 3. ಇದನ್ನು ಮೀರಿದರೆ ಮುದ್ರೆಯಿಲ್ಲ. ಸಂದೇಹ ಬಂದರೆ ಕೊಳ್ಳುವವನು ‘ಪರೀಕ್ಷೆ ಮಾಡಿಸಿ’ ಎಂದು ಕೇಳಬಹುದಾಯಿತು. ಅಲ್ಲಿಯವರೆಗೆ ಕಂಪೆನಿಯ ಲೆಕ್ಕದ ಯಂತ್ರವಾಗಿದ್ದ ಮೀಟರು ಅಂದಿನಿಂದ ಇಬ್ಬರಿಗೂ ಸಾಕ್ಷಿಯಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೂಲಿಕಾರರ ಮನೆಗಳಿಗೂ ಅನಿಲ ತಲುಪಿತು. ಮೂರು ತಿಂಗಳ ಬಿಲ್ಲನ್ನು ಒಟ್ಟಿಗೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಅವರಿಗಾಗಿ ಬಂದದ್ದು ಪೆನ್ನಿ ಹಾಕುವ ಮೀಟರು. ನಾಣ್ಯ ಹಾಕಿದಷ್ಟೇ ಅನಿಲ. ನಾಣ್ಯ ಮುಗಿದರೆ ಒಲೆ ಆರುತ್ತಿತ್ತು. ಇದರಲ್ಲಿ ದರ ತುಸು ಹೆಚ್ಚು, ಆದರೆ ಅನಿರೀಕ್ಷಿತ ಬಿಲ್ಲಿನ ಭಯವಿರಲಿಲ್ಲ. ನಾಣ್ಯ ಒಯ್ಯಲು ಬಂದವನು ಅಡುಗೆಮನೆಯ ಮೇಜಿನ ಮೇಲೆ ಅವನ್ನು ಸುರಿದು ಎಣಿಸಿ, ಹೆಚ್ಚು ಬಿದ್ದದ್ದನ್ನು ಮನೆಯಾಕೆಗೆ ಹಿಂದಿರುಗಿಸುತ್ತಿದ್ದ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲೂ ಬಹುಕಾಲ ಇತ್ತು.

ಗಾತ್ರವೋ, ಶಾಖವೋ?

ಗ್ರಾಹಕನಿಗೆ ಬೇಕಾದದ್ದು ಅನಿಲದ ಗಾತ್ರವಲ್ಲ, ಅದರಿಂದ ಸಿಗುವ ಶಾಖ. ನೀರು ಬೆರೆಸಿದ ಹಾಲಿನಂತೆ ಸತ್ವ ಕಡಿಮೆಯಾದ ಅನಿಲವನ್ನು ಎಷ್ಟು ಘನ ಅಡಿ ಕೊಟ್ಟರೇನು? ಹೀಗಾಗಿ ಬ್ರಿಟನ್ನಿನಲ್ಲಿ 1920ರ ಕಾಯಿದೆ ‘ಥರ್ಮ್’ ಎಂಬ ಶಾಖದ ಮಾನದಲ್ಲಿ ಬಿಲ್ಲು ಮಾಡುವ ಪದ್ಧತಿಯನ್ನು ತಂದಿತು. 1967ರಿಂದ 1977ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಸುಮಾರು 1 ಕೋಟಿ 30 ಲಕ್ಷ ಗ್ರಾಹಕರು ಕಲ್ಲಿದ್ದಲ ಅನಿಲವನ್ನು ಬಿಟ್ಟು ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಾದರು. ಅದೇ ಗಾತ್ರದ ಹೊಸ ಅನಿಲದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಶಾಖವಿತ್ತು.

ಈಗ ಅಲ್ಲಿನ ಬಿಲ್ಲು ವಿದ್ಯುತ್ತಿನಂತೆಯೇ ಕಿಲೋವಾಟ್ ಗಂಟೆಗಳಲ್ಲಿರುತ್ತದೆ. ಮೀಟರು ತೋರಿಸುವ ಗಾತ್ರವನ್ನು 1.02264ರಿಂದ ಗುಣಿಸಿ, ಅನಿಲದ ಶಾಖಮೌಲ್ಯದಿಂದ ಮತ್ತೆ ಗುಣಿಸಿ, 3.6ರಿಂದ ಭಾಗಿಸಬೇಕು. ಶಾಖಮೌಲ್ಯ 39.5 ಎಂದಿಟ್ಟುಕೊಂಡರೆ 100 ಘನ ಮೀಟರಿಗೆ ಸುಮಾರು 1122 ಕಿಲೋವಾಟ್ ಗಂಟೆ. ಇಲ್ಲಿ ಒಂದು ಅಪಾಯವಿದೆ. ಅಲ್ಲಿ ಹಳೆಯ ಮೀಟರುಗಳು ನೂರು ಘನ ಅಡಿಗಳ ಲೆಕ್ಕದಲ್ಲೂ ಹೊಸವು ಘನ ಮೀಟರಿನ ಲೆಕ್ಕದಲ್ಲೂ ಅಳೆಯುತ್ತವೆ. ನೂರು ಘನ ಅಡಿಯೆಂದರೆ 2.83 ಘನ ಮೀಟರು. ಹೊಸ ಮೀಟರಿರುವ ಮನೆಯನ್ನು ಕಡತದಲ್ಲಿ ಹಳೆಯ ಮೀಟರಿನ ಮನೆಯೆಂದು ಬರೆದುಕೊಂಡರೆ ಬಿಲ್ಲು ಒಂದೇ ಏಟಿಗೆ ಮೂರು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಇಂಥ ಪ್ರಕರಣಗಳು ಅಲ್ಲಿ ಮತ್ತೆ ಮತ್ತೆ ಬೆಳಕಿಗೆ ಬಂದಿವೆ. ಮೀಟರು ಸರಿ, ಓದಿದ ಅಂಕಿ ಸರಿ, ತಪ್ಪಿದ್ದು ನಡುವಿನ ಗುಣಾಕಾರ.

ಇನ್ನೊಂದು ಕಾರಣ ಅಂದಾಜು ಬಿಲ್ಲು. ಮನೆಗೆ ಬೀಗವಿದ್ದಾಗ ಓದುವವನು ಹಿಂದಿನ ಬಳಕೆ ನೋಡಿ ಒಂದು ಅಂಕಿ ಬರೆಯುತ್ತಾನೆ. ಅಂದಾಜು ಸತತವಾಗಿ ಕಡಿಮೆಯಿದ್ದರೆ, ನಿಜವಾದ ಅಂಕಿ ಸಿಕ್ಕ ದಿನ ಬಾಕಿಯೆಲ್ಲ ಒಟ್ಟಿಗೆ ಬಂದು ತಲೆಯ ಮೇಲೆ ಬೀಳುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೊಂದು ತಡೆಯಿದೆ. ತಪ್ಪು ಗ್ರಾಹಕನದಲ್ಲದಿದ್ದರೆ, 12 ತಿಂಗಳಿಗಿಂತ ಹಿಂದಿನ ಬಳಕೆಗೆ ಹೊಸದಾಗಿ ಹಣ ಕೇಳುವಂತಿಲ್ಲ ಎಂಬ ನಿಯಮ 2018ರಲ್ಲಿ ಜಾರಿಗೆ ಬಂತು.

ಎಲ್ಲವೂ ಸರಿಯಿದ್ದು ದರವೇ ಏರಿದರೆ? ಅದೂ ನಡೆದಿದೆ. ಅಲ್ಲಿನ ಸಾಧಾರಣ ಕುಟುಂಬವೊಂದರ ಅನಿಲ ಮತ್ತು ವಿದ್ಯುತ್ತಿನ ವಾರ್ಷಿಕ ವೆಚ್ಚ, ನಿಯಂತ್ರಕರ ಲೆಕ್ಕದಂತೆ, 2021ರ ಅಕ್ಟೋಬರಿನಲ್ಲಿ 1277 ಪೌಂಡ್ ಇತ್ತು. 2022ರ ಏಪ್ರಿಲಿಗೆ 1971 ಪೌಂಡ್ ಆಯಿತು. ರಷ್ಯಾದ ಅನಿಲ ಯೂರೋಪಿಗೆ ಬರುವುದು ಕಡಿಮೆಯಾಗಿ, ಆ ಅಕ್ಟೋಬರಿಗೆ 3549 ಪೌಂಡ್ ಎಂದು ಪ್ರಕಟವಾದಾಗ ಸರಕಾರ ನಡುವೆ ಬಂದು ಅದನ್ನು 2500 ಪೌಂಡಿನ ಮಟ್ಟದಲ್ಲಿ ತಡೆಯಬೇಕಾಯಿತು. ಅನೇಕರು ಇದನ್ನು ಬಿಲ್ಲಿನ ಮಿತಿಯೆಂದೇ ತಿಳಿದರು. ವಾಸ್ತವವಾಗಿ ಮಿತಿ ಇದ್ದದ್ದು ಪ್ರತಿ ಯೂನಿಟ್ಟಿನ ದರಕ್ಕೆ. ಹೆಚ್ಚು ಉರಿಸಿದವರಿಗೆ ಹೆಚ್ಚೇ ಬಂತು.

ನಮ್ಮ ಅಡುಗೆಮನೆಯಲ್ಲಿ

ನಮ್ಮ ನಾಡಿಗೆ ಗ್ಯಾಸ್ ಮೀಟರು ಬಹಳ ತಡವಾಗಿ ಬಂತು. ಕಲ್ಕತ್ತೆಯ ಬೀದಿಗಳಲ್ಲಿ 1857ರಲ್ಲಿ, ಮುಂಬಯಿಯಲ್ಲಿ 1860ರ ದಶಕದಲ್ಲಿ ಅನಿಲ ದೀಪಗಳು ಹೊತ್ತಿದ್ದವು. ಬೆಂಗಳೂರು ಮಾತ್ರ ಸೀಮೆಎಣ್ಣೆಯ ಬೀದಿದೀಪಗಳಿಂದ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ದಾಟಿತು. ಅಡುಗೆಗೆ ಸೌದೆ, ಇದ್ದಿಲು, ಸೀಮೆಎಣ್ಣೆಯ ಸ್ಟೌ, ಆಮೇಲೆ ಸಿಲಿಂಡರು. 2013ರಲ್ಲಿ ದಾಭೋಳ್–ಬೆಂಗಳೂರು ಕೊಳವೆಮಾರ್ಗ ಸಿದ್ಧವಾದ ನಂತರವಷ್ಟೇ ಇಲ್ಲಿನ ಬಡಾವಣೆಗಳ ಅಡುಗೆಮನೆಗಳಿಗೆ ಕೊಳವೆ ಅನಿಲ ಬರತೊಡಗಿತು.

ಸಿಲಿಂಡರಿಗೂ ಕೊಳವೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಸಿಲಿಂಡರನ್ನು ತೂಗಬಹುದು. ಅದರ ಖಾಲಿ ತೂಕ ಮೈಮೇಲೆಯೇ ಬರೆದಿರುತ್ತದೆ, ಒಳಗೆ 14.2 ಕಿಲೋ ಅನಿಲವಿರಬೇಕು. ‘ಈ ಸಲ ಇಪ್ಪತ್ತೆಂಟೇ ದಿನ ಬಂತು’ ಎಂದು ಗೃಹಿಣಿ ಹೇಳುವಾಗ ಅವಳ ಮಾತಿನ ಹಿಂದೆ ಕ್ಯಾಲೆಂಡರಿನ ಗುರುತಿರುತ್ತದೆ. ಕೊಳವೆಯ ಅನಿಲ ಮುಗಿಯುವುದೇ ಇಲ್ಲ. ಆದ್ದರಿಂದ ಎಷ್ಟು ಬಳಸಿದೆವೆಂಬ ಅರಿವೂ ಇರುವುದಿಲ್ಲ. ಅರಿವು ಬರುವುದು ಬಿಲ್ಲು ಬಂದಾಗ.

ಆದರೆ ಹಳೆಯ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶಾಖದ ಲೆಕ್ಕದಲ್ಲಿ ಒಂದು ಸಿಲಿಂಡರು ಕೊಳವೆಯ ನೈಸರ್ಗಿಕ ಅನಿಲದ ಸುಮಾರು 17–18 ಘನ ಮೀಟರಿಗೆ ಸಮ. ತಿಂಗಳಿಗೊಂದು ಸಿಲಿಂಡರು ಬಳಸುತ್ತಿದ್ದ ಮನೆಗೆ ಎರಡು ತಿಂಗಳ ಬಿಲ್ಲಿನಲ್ಲಿ 35ರ ಆಸುಪಾಸಿನ ಯೂನಿಟ್ಟು ಸಹಜ. ಮದುವೆಯೋ ಬಾಣಂತನವೋ ಇದ್ದರೆ 50 ಆದೀತು. ಸುಮ್ಮನೆ 100 ದಾಟಿದ್ದರೆ ವಿಚಾರಿಸಲೇಬೇಕು.

ವಿಚಾರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಬಿಲ್ಲಿನಲ್ಲಿರುವ ಅಂಕಿ ನಿಜವಾಗಿ ಓದಿದ್ದೋ ಅಂದಾಜಿನದೋ ನೋಡಿ, ಮೀಟರಿನ ಇಂದಿನ ಅಂಕಿಯೊಡನೆ ಹೋಲಿಸಬೇಕು. ಬಿಲ್ಲಿನ ಅಂಕಿಯೇ ಮೀಟರಿಗಿಂತ ಮುಂದಿದ್ದರೆ ತಪ್ಪು ಎಲ್ಲಿದೆಯೆಂದು ಬೇರೆ ಹೇಳಬೇಕಿಲ್ಲ. ಮೀಟರಿನಲ್ಲಿ ಕಪ್ಪು ಅಂಕಿಗಳು ಪೂರ್ಣ ಘನ ಮೀಟರು, ಬಲಗಡೆಯ ಕೆಂಪು ಅಂಕಿಗಳು ದಶಾಂಶ. ಕೆಂಪನ್ನೂ ಸೇರಿಸಿ ಓದಿದರೆ ಬಳಕೆ ಹತ್ತು, ನೂರು, ಸಾವಿರ ಪಟ್ಟಾಗಿ ಕಾಣಬಹುದು. ಆಮೇಲೆ ಬಿಲ್ಲಿನ ಅವಧಿ ಎಷ್ಟು ದಿನದ್ದು, ದರ ಬದಲಾಗಿದೆಯೇ, ಹಳೆಯ ಬಾಕಿ ಅಥವಾ ಠೇವಣಿ ಸೇರಿದೆಯೇ ನೋಡಬೇಕು. ಮೀಟರಿನ ಮೇಲಿನ ಸಂಖ್ಯೆ, ಬಿಲ್ಲಿನ ಮೇಲಿನ ಸಂಖ್ಯೆ ಒಂದೇ ಆಗಿರಬೇಕು. ಬಹುಮಹಡಿ ಕಟ್ಟಡಗಳಲ್ಲಿ ಅಕ್ಕಪಕ್ಕದವರ ಮೀಟರು ಅದಲುಬದಲಾಗುವುದು ಅಸಾಧ್ಯವೇನಲ್ಲ.

ಇದೆಲ್ಲ ಸರಿಯಿದ್ದರೆ ಸೋರಿಕೆಯ ಪರೀಕ್ಷೆ. ಒಲೆಯ ಗುಂಡಿಗಳನ್ನೆಲ್ಲ ಮುಚ್ಚಿ, ಕೊಳವೆಯ ಮುಖ್ಯ ಕವಾಟವನ್ನು ತೆರೆದಿಟ್ಟು, ಕೆಂಪು ಅಂಕಿಗಳನ್ನು ಬರೆದುಕೊಳ್ಳಬೇಕು. ಒಂದು ಗಂಟೆಯ ನಂತರ ಅವು ಮುಂದೆ ಹೋಗಿದ್ದರೆ ಅನಿಲ ಎಲ್ಲೋ ಸೋರುತ್ತಿದೆ. ಆಗ ಬಿಲ್ಲಿನ ಮಾತು ಪಕ್ಕಕ್ಕಿಟ್ಟು ಮುಖ್ಯ ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು, ವಿದ್ಯುತ್ ಸ್ವಿಚ್ಚುಗಳನ್ನು ಮುಟ್ಟದೆ, ಹೊರಗೆ ಬಂದು ಕಂಪೆನಿಯ ತುರ್ತು ಸಂಖ್ಯೆಗೆ ಫೋನು ಮಾಡಬೇಕು. ವಾಸನೆ ಬಂದರಂತೂ ಈ ಪರೀಕ್ಷೆಗೂ ಕಾಯಬಾರದು.

ಮೀಟರಿನ ಮೇಲೆಯೇ ಸಂಶಯ ಪಡುವುದು ಕಟ್ಟಕಡೆಗೆ. ಅದು ಕೆಡುವುದೇ ಇಲ್ಲವೆಂದಲ್ಲ. ಓದುವುದರಲ್ಲಿ, ಬರೆಯುವುದರಲ್ಲಿ ತಪ್ಪಾಗುವುದಕ್ಕೆ ಹೆಚ್ಚು ಅವಕಾಶವಿದೆ. ಪರೀಕ್ಷೆ ಬೇಕೆಂದರೆ ಬರವಣಿಗೆಯಲ್ಲಿ ಕೇಳಿ ಸ್ವೀಕೃತಿ ಪಡೆಯಬೇಕು. ಅದರಿಂದಲೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಅಲ್ಲಿಗೆ ಹೋಗುವವರ ಕೈಯಲ್ಲಿ ತಾರೀಖು ಸಹಿತ ಬರೆದಿಟ್ಟ ಅಂಕಿಗಳಿರಬೇಕು, ಮೀಟರಿನ ಛಾಯಾಚಿತ್ರವಿದ್ದರೆ ಇನ್ನೂ ಒಳ್ಳೆಯದು.

ಲಂಡನ್ನಿನ ಬೀದಿಗಳಲ್ಲಿ ಕಂಪೆನಿಯ ಕಾವಲಿನವರು ಕಿಟಕಿಗಳ ಬೆಳಕು ನೋಡುತ್ತ ತಿರುಗುತ್ತಿದ್ದಾಗ ಗ್ರಾಹಕನ ಬಳಿ ತನ್ನದೇ ಆದ ಲೆಕ್ಕವಿರಲಿಲ್ಲ. ಈಗ ಆ ಲೆಕ್ಕ ಮನೆಯ ಗೋಡೆಯ ಮೇಲೆಯೇ ಇದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ತಿಂಗಳಿಗೊಮ್ಮೆ, ಒಂದನೇ ತಾರೀಖಿನ ಚೌಕದಲ್ಲಿ, ಮೀಟರಿನ ಕಪ್ಪು ಅಂಕಿಯನ್ನೂ ಬರೆದಿಟ್ಟರೆ ಮುಂದಿನ ಬಿಲ್ಲು ಎಷ್ಟೇ ಬರಲಿ, ಅದನ್ನು ತಾಳೆ ನೋಡಲು ಒಂದು ಆಧಾರವಿರುತ್ತದೆ.