ಫಿನೈಲ್‌ಕೀಟೊನ್ಯೂರಿಯ ರೋಗದಲ್ಲಿ ಪಥ್ಯವೂ ತಾಯಿತಂದೆಗಳೂ

ಪಥ್ಯವೆಂದೊಡನೆ ಕೆಲವು ದಿನಗಳ ಗಂಜಿ, ಸಾರುಗಳನ್ನು ನೆನೆಯುವುದು ನಮ್ಮ ರೂಢಿ. ಹುಟ್ಟಿದಂದಿನಿಂದ ಜೀವಮಾನವಿಡೀ, ಅದೂ ತೂಕದ ಲೆಕ್ಕದಲ್ಲಿ, ನಡೆಸಬೇಕಾದ ಪಥ್ಯವೊಂದನ್ನು ಇಲ್ಲಿ ವಿವೇಚಿಸುತ್ತೇವೆ.

ಆಹಾರದಲ್ಲಿನ ಸಸಾರಜನಕಗಳಲ್ಲಿ ಬಹುಮಟ್ಟಿಗೆ ಎಲ್ಲೆಡೆಯೂ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವಿರುತ್ತದೆ. ಯಕೃತ್ತಿನ ಕಿಣ್ವವೊಂದು ಅದನ್ನು ಟೈರೊಸೀನ್ ಆಗಿ ಮಾರ್ಪಡಿಸುತ್ತದೆ. ತಾಯಿತಂದೆಗಳಿಬ್ಬರಿಂದಲೂ ದೋಷಯುಕ್ತ ಜೀನನ್ನು ಪಡೆದ ಶಿಶುವಿನಲ್ಲಿ ಈ ಕಾರ್ಯ ಕುಂಠಿತವಾಗುವುದರಿಂದ, ರಕ್ತದಲ್ಲಿ ಫಿನೈಲ್‌ಅಲನೀನ್ ಸಂಚಯವಾಗಿ ಬೆಳೆಯುವ ಮಿದುಳನ್ನು ಕೆಡಿಸುತ್ತದೆ. 1934ರಲ್ಲಿ ನಾರ್ವೆಯ ವೈದ್ಯ ಫೊಲಿಂಗ್ ಅವರು ಈ ರೋಗವನ್ನು ಗುರುತಿಸಿದುದು, ತನ್ನ ಮಕ್ಕಳಿಬ್ಬರ ವಿಚಿತ್ರ ವಾಸನೆಗೆ ಕಾರಣವೇನೆಂದು ಬಿಡದೆ ಕೇಳುತ್ತಿದ್ದ ತಾಯಿಯೊಬ್ಬಳ ದೆಸೆಯಿಂದ. ಫೆರಿಕ್ ಕ್ಲೋರೈಡ್ ಬೆರೆಸಿದಾಗ ಆ ಮಕ್ಕಳ ಮೂತ್ರ ಹಸಿರಾಯಿತು. ಅವರಿಗೆ ಚಿಕಿತ್ಸೆ ಮಾತ್ರ ದೊರೆಯಲಿಲ್ಲ.

ಚಿಕಿತ್ಸೆಯನ್ನು ಕಂಡುಹಿಡಿಸಿದುದೂ ಇನ್ನೊಬ್ಬ ತಾಯಿಯ ಹಟವೇ. ಬರ್ಮಿಂಗ್‌ಹ್ಯಾಮಿನ ಮಕ್ಕಳ ಆಸ್ಪತ್ರೆಯಲ್ಲಿ, ನಿಲ್ಲಲೂ ಮಾತಾಡಲೂ ಬಾರದ ಸುಮಾರು ಎರಡು ವರ್ಷದ ಮಗಳಿಗಾಗಿ ಆಕೆ ವೈದ್ಯ ಬಿಕೆಲ್ ಅವರನ್ನು ದಿನವೂ ಕಾಡುತ್ತಿದ್ದಳು. ಅವರೂ ಸಹೋದ್ಯೋಗಿಗಳೂ ಹಾಲಿನ ಕೇಸೀನನ್ನು ಒಡೆದು, ಇದ್ದಿಲಿನಿಂದ ಶೋಧಿಸಿ, ಫಿನೈಲ್‌ಅಲನೀನ್ ತೆಗೆದ ಆಹಾರವನ್ನು ಸಿದ್ಧಪಡಿಸಿದರು. ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು. ಗುಣ ಪಥ್ಯದಿಂದಲೇ ಬಂದುದೆಂದು ದೃಢಪಡಿಸಲು, ತಾಯಿಗೆ ತಿಳಿಸದೆ ಅದೇ ಆಹಾರಕ್ಕೆ ಫಿನೈಲ್‌ಅಲನೀನ್ ಬೆರೆಸಲಾಯಿತು. ಕೆಲವೇ ದಿನಗಳಲ್ಲಿ ಮಗು ಕಲಿತುದನ್ನು ಕಳೆದುಕೊಂಡಿತು. ತಾಯಿ ಅದನ್ನು ಕೂಡಲೇ ಕಂಡಳು. 1953ರಲ್ಲಿ ಪ್ರಕಟವಾದ ಈ ಪರೀಕ್ಷೆ ನಿರ್ಣಾಯಕವಾಗಿತ್ತೆಂಬುದು ನಿಜ. ತಾಯಿಯಿಂದ ಮುಚ್ಚಿಟ್ಟುದನ್ನು ಮಾತ್ರ ನಾವು ಒಪ್ಪಲಾರೆವು.

ಇಂದು ಈ ಶಾಸ್ತ್ರದ ಭಾರವೆಲ್ಲ ಅಡುಗೆಮನೆಯ ಮೇಲಿದೆ. ಬ್ರಿಟನ್ನಿನಲ್ಲಿ ಒಂದು ಗ್ರಾಮು ಸಸಾರಜನಕವನ್ನು, ಎಂದರೆ ಸುಮಾರು 50 ಮಿಲಿಗ್ರಾಮು ಫಿನೈಲ್‌ಅಲನೀನನ್ನು, ಒಂದು ಪಾಲೆಂದು ಎಣಿಸುತ್ತಾರೆ. ರೋಗ ತೀವ್ರವಾದ ಮಗುವಿಗೆ ದಿನಕ್ಕೆ ಐದಾರು ಪಾಲು ಮಾತ್ರ ಸಲ್ಲಬಹುದು. ನಮ್ಮ ಲೆಕ್ಕದಲ್ಲಿ, 25 ಗ್ರಾಮು ತೊಗರಿಬೇಳೆಗೇ ಅದು ಮುಗಿಯಿತು! ಅನ್ನ, ರಾಗಿಮುದ್ದೆಗಳನ್ನೂ ತೂಗಿಯೇ ಬಡಿಸಬೇಕು. ಸಸಾರಜನಕ ಅತ್ಯಲ್ಪವಾದ ಸಬ್ಬಕ್ಕಿ ಇಲ್ಲಿ ಆಪ್ತಮಿತ್ರ. ಬೆಳವಣಿಗೆಗೆ ಬೇಕಾದ ಉಳಿದ ಸಾರವನ್ನು ಫಿನೈಲ್‌ಅಲನೀನ್‌ರಹಿತ ಅಮೈನೋ ಆಮ್ಲಗಳ ಮಿಶ್ರಣದಿಂದ ಒದಗಿಸುತ್ತಾರೆ. ಅದರ ವಾಸನೆ, ರುಚಿಗಳು ಹಿತವಲ್ಲ. ಮಗು ಮುಖ ತಿರುಗಿಸಿದರೆ ಆಶ್ಚರ್ಯವಿಲ್ಲ.

ಕಡಿಮೆಯಾದಷ್ಟೂ ಒಳ್ಳೆಯದೆಂದು ಭಾವಿಸುವುದೂ ಪ್ರಮಾದ. ಫಿನೈಲ್‌ಅಲನೀನ್ ಶರೀರಕ್ಕೆ ಅತ್ಯವಶ್ಯ. ಅದು ಸಾಲದಾದರೆ ಬೆಳವಣಿಗೆ ಕುಗ್ಗಿ, ದೇಹ ತನ್ನ ಮಾಂಸಖಂಡಗಳನ್ನೇ ಕರಗಿಸತೊಡಗುತ್ತದೆ. ಜ್ವರದಲ್ಲಿಯೂ ಹೀಗೆಯೇ: ಮಗು ಏನನ್ನೂ ಉಣ್ಣದಿದ್ದರೂ ರಕ್ತದ ಮಟ್ಟ ಏರುತ್ತದೆ. ಆದ್ದರಿಂದ ಆಗ ಸಕ್ಕರೆಯ ಪಾನಕವನ್ನೂ ಮಿಶ್ರಣವನ್ನೂ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತ ತಾಯಿತಂದೆಗಳು ಎಚ್ಚರದಿಂದಿರಬೇಕಾಗುತ್ತದೆ.

ಹುಟ್ಟಿದ ಕೆಲವು ದಿನಗಳಲ್ಲೇ ಹಿಮ್ಮಡಿಯ ರಕ್ತದ ಹನಿಯಿಂದ ರೋಗವನ್ನು ಪತ್ತೆಹಚ್ಚಿ ಪಥ್ಯವನ್ನಾರಂಭಿಸಿದರೆ ಬುದ್ಧಿಮಾಂದ್ಯ ತಪ್ಪುತ್ತದೆ. ನಮ್ಮ ದೇಶದಲ್ಲಿ ಈ ತಪಾಸಣೆ ಎಲ್ಲ ಶಿಶುಗಳಿಗೂ ಇನ್ನೂ ದೊರೆಯುತ್ತಿಲ್ಲ.